ಪಂದ್ಯದ ಎತ್ತು ಕಟ್ಟಿದವರಿಗೆ ಒಂದು ಬಹಿರಂಗ ಪತ್ರ

ಶಹಾಪುರ, ಸುರಪುರ, ಹುಣಸಗಿ, ವಡಗೇರಾ ಸೀಮೆಯಲ್ಲಿ ಪಂದ್ಯಕ್ಕಾಗಿ ಎತ್ತು ಕಟ್ಟಿರುವ ಅಣ್ಣ ತಮ್ಮಂದಿರೇ,

ಕಾರಹುಣ್ಣಿಮೆಯ ಕರಿ, ಜಾತ್ರೆಯ ತೆರಬಂಡಿ, ಕಲ್ಲು ಎಳೆಯುವ ಪಂದ್ಯ, ಇವುಗಳಲ್ಲಿ ಯಾವುದಕ್ಕೆ ನಿಮ್ಮ ಜೋಡಿ ಇಳಿದರೂ ಈ ಪತ್ರ ನಿಮಗೇ ಸೇರಿದ್ದು. ಎತ್ತು ಮಾರಿಬಿಡಿ ಎಂದು ಹೇಳಲು ಬರೆಯುತ್ತಿಲ್ಲ, ಪ್ರಾಣಿದಯೆಯ ಉಪದೇಶವೂ ಇದರಲ್ಲಿಲ್ಲ. ಮಾತು ದುಡ್ಡಿನದು. ಪಂದ್ಯದ ಎತ್ತು ಕಟ್ಟಿದ ಮನೆಗಳಲ್ಲಿ ವರ್ಷವಿಡೀ ಕೇಳಿಬರುವ ಮಾತೊಂದಿದೆ: ‘ಈ ಸಲ ಒಂದು ದೊಡ್ಡ ಪಂದ್ಯ ಹೊಡೆದರೆ ಹಾಕಿದ್ದೆಲ್ಲ ವಾಪಸ್ ಬರುತ್ತದೆ.’ ಹಾಗೆ ಬರುವುದಿಲ್ಲ ಎಂಬುದೇ ನನ್ನ ವಾದ. ಬಾರದಿರುವುದಕ್ಕೆ ನಿಮ್ಮ ಎತ್ತಿನ ಕಾಲಾಗಲಿ, ಗಾಡಿ ಹೊಡೆಯುವವನ ಕೈಯಾಗಲಿ, ನಿಮ್ಮ ಹಣೆಬರಹವಾಗಲಿ ಕಾರಣವಲ್ಲ. ಒಂದು ಕಾಲದಲ್ಲಿ ಎತ್ತಿನ ಖರ್ಚನ್ನು ಹೊತ್ತಿದ್ದ ಹೆಗಲು ಬೇರೆಯದು. ಆ ಹೆಗಲು ಜಾರಿಹೋಗಿ ಎಷ್ಟೋ ವರ್ಷವಾಯಿತು. ಈಗ ಆ ಭಾರವನ್ನೆಲ್ಲ ಬಹುಮಾನದ ಮೇಲೆ ಹೇರಿ ಕುಳಿತಿದ್ದೇವೆ, ಬಹುಮಾನಕ್ಕೆ ಅದನ್ನು ಎತ್ತುವ ಶಕ್ತಿಯೇ ಇಲ್ಲ.

ಹಿಂದೆ ಕರಿ ಹರಿಯಲು ಬರುತ್ತಿದ್ದ ಎತ್ತು ಯಾವುದು ಎಂದು ಯೋಚಿಸಿ. ಮುಂಗಾರಿಗೆ ಕುಂಟೆ ಹೊಡೆದು, ಕೂರಿಗೆ ಎಳೆದು, ಸುಗ್ಗಿಯಲ್ಲಿ ಕಣ ತುಳಿದು, ಸಂತೆಗೆ ಹೇರು ಹೊತ್ತ ಎತ್ತು ಅದು. ಹಂಗಾಮಿನುದ್ದಕ್ಕೂ ಹೊಲದಲ್ಲಿ ದುಡಿದು, ಒಂದೆರಡು ದಿನ ಬಣ್ಣ ಬಳಿಸಿಕೊಂಡು, ಕೊಂಬಿಗೆ ಕೋಡಣಸು ಹಾಕಿಸಿಕೊಂಡು ಓಡುತ್ತಿತ್ತು. ಅದು ತಿನ್ನುವ ಮೇವಿನ ಲೆಕ್ಕ ಒಕ್ಕಲುತನದ ಲೆಕ್ಕದಲ್ಲೇ ಸೇರಿಹೋಗುತ್ತಿತ್ತು. ಓಟ ಬಿಟ್ಟಿ ಸಿಕ್ಕ ಸಂತೋಷವಾಗಿತ್ತು, ಹೆಗಲಿಗೆ ಬಿದ್ದ ಶಲ್ಯವೂ ತಲೆಗೆ ಸುತ್ತಿದ ರುಮಾಲೂ ಸಾಕಷ್ಟು ಬಹುಮಾನವಾಗಿತ್ತು. ಟ್ರ್ಯಾಕ್ಟರ್ ಬಂದು ಆ ಲೆಕ್ಕವನ್ನು ಮುರಿಯಿತು. 2019ರ ಜಾನುವಾರು ಗಣತಿಯನ್ನೇ ನೋಡಿ: ಅದರ ಹಿಂದಿನ 2012ರ ಗಣತಿಗೆ ಹೋಲಿಸಿದರೆ ದೇಶದಲ್ಲಿ ಆಕಳ ಜಾತಿಯ ಹೆಣ್ಣು ದನಗಳು ಶೇ 18ರಷ್ಟು ಹೆಚ್ಚಿದವು, ಗಂಡು ದನಗಳು ಶೇ 30ರಷ್ಟು ಕಡಿಮೆಯಾದವು. ಏಳು ವರ್ಷದಲ್ಲಿ ಹತ್ತರಲ್ಲಿ ಮೂರು ಪಾಲಿನಷ್ಟು ಎತ್ತು, ಹೋರಿ ಕೊಟ್ಟಿಗೆಯಿಂದ ಕಾಣೆಯಾದವು ಎಂದರೆ ರೈತ ಎಷ್ಟು ಖಚಿತವಾಗಿ ಲೆಕ್ಕ ಹಾಕಿದ್ದಾನೆ ಎಂಬುದು ತಿಳಿಯುತ್ತದೆ. ಹೀಗೆ ಹೊಲ ಬಿಟ್ಟ ಮೇಲೂ ಉಳಿದ ಎತ್ತುಗಳಲ್ಲಿ ನಿಮ್ಮವೂ ಸೇರಿವೆ. ಅವು ಕುಂಟೆ ಹೊಡೆಯುವುದಿಲ್ಲ, ಹೊಡೆಯಬಾರದು ಎಂದು ನೀವೇ ಕಾಯುತ್ತೀರಿ, ಕಾಲು ಉಳುಕಿದರೆ ಕೆಲಸ ಕೆಟ್ಟಿತು. ಅಲ್ಲಿಗೆ ಅವು ಒಕ್ಕಲುತನದ ದನಗಳಾಗಿ ಉಳಿದಿಲ್ಲ, ರೇಸಿನ ಕುದುರೆಗಳಾಗಿವೆ. ತಪ್ಪೇನೂ ಇಲ್ಲ. ಆದರೆ ರೇಸಿನ ಕುದುರೆಗೆ ರೇಸಿನ ಕುದುರೆಯ ಲೆಕ್ಕವನ್ನೇ ಬರೆಯಬೇಕಾಗುತ್ತದೆ.

ಮೇವಿನಿಂದ ಶುರು ಮಾಡೋಣ. ದನ ತನ್ನ ತೂಕದ ಶೇ 2ರಿಂದ 2.5ರಷ್ಟು ಒಣ ಆಹಾರವನ್ನು ದಿನಕ್ಕೆ ತಿನ್ನಬೇಕು ಎಂಬುದು ಪಶುವೈದ್ಯರ ಸಾಮಾನ್ಯ ಲೆಕ್ಕ. ಐನೂರು ಕಿಲೋ ತೂಗುವ ಎತ್ತಿಗೆ ಹತ್ತರಿಂದ ಹನ್ನೆರಡೂವರೆ ಕಿಲೋ. ಹನ್ನೆರಡು ಕಿಲೋ ಎಂದು ಹಿಡಿದರೂ ಒಂದು ಜೋಡಿಗೆ ವರ್ಷಕ್ಕೆ 8,760 ಕಿಲೋ, ಹತ್ತಿರ ಹತ್ತಿರ ಒಂಬತ್ತು ಟನ್. ಇದರಲ್ಲಿ ಹಿಂಡಿ, ಹುರುಳಿ, ಹತ್ತಿಕಾಳಿನ ಪಾಲನ್ನು ಕಳೆದರೂ ಉಳಿಯುವ ಕಣಿಕೆ ಹಲವು ಎಕರೆ ಜೋಳದ ಹೊಲದ್ದು. ಆ ಜೋಳ ಈಗ ಎಲ್ಲಿದೆ? ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದ ಮೇಲೆ ನಮ್ಮ ಹೊಲಗಳು ಭತ್ತಕ್ಕೂ ಹತ್ತಿಗೂ ತಿರುಗಿದವು. ಯೋಜನೆ ಮಾಡಿದವರು ಕಡಿಮೆ ನೀರಿನ ಬೆಳೆ ಬೆಳೆಯಿರಿ ಎಂದಿದ್ದರು, ನಾವು ಕೇಳಲಿಲ್ಲ, ಅದು ಬೇರೆಯೇ ಜಗಳ. ಇಲ್ಲಿಗೆ ಬೇಕಾದ್ದು ಇಷ್ಟೇ: ಹತ್ತಿ ಕಟ್ಟಿಗೆಯನ್ನು ಎತ್ತು ತಿನ್ನುವುದಿಲ್ಲ, ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈ ತುಂಬಿಸುವುದಿಲ್ಲ. ಬಿಳಿಜೋಳದ ಒಳ್ಳೆಯ ಕಣಿಕೆ ಬೇಕೆಂದರೆ ಅದನ್ನು ಬೆಳೆಯುವವರ ಬಣವಿಗೆ ಹೋಗಿ, ಅವರು ಹೇಳಿದ ರೇಟಿಗೆ ತರಬೇಕು. 2023ರಂತಹ ವರ್ಷ ಬಂದರೆ ಆ ರೇಟಿಗೂ ಸಿಗುವುದಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು.

ಕಣಿಕೆಯ ಮೇಲಿನ ಖರ್ಚನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕುದಿಸಿದ ಹುರುಳಿ, ಶೇಂಗಾ ಹಿಂಡಿ, ಉದ್ದಿನ ಹಿಟ್ಟು, ಮೊಟ್ಟೆ, ಹಾಲು, ಬೆಣ್ಣೆ, ಪಂದ್ಯ ಹತ್ತಿರ ಬಂದರೆ ಯಾರೋ ಹೇಳಿದ ಟಾನಿಕ್ಕು, ಯಾರೋ ತಂದುಕೊಟ್ಟ ಸೂಜಿ. ಲಾಳ, ಮೂಗುದಾರ, ಜೂಲ, ಗೆಜ್ಜೆ. ಸಗಣಿ ಬಳಿದು, ಮೈ ತೊಳೆದು, ಮಾಲೀಸು ಮಾಡಿ, ಬೆಳಗಿನ ಜಾವ ಎತ್ತನ್ನು ನಡೆಸಿಕೊಂಡು ಬರಲು ಒಬ್ಬ ಪೂರ್ತಿ ಆಳು. ಆಳು ಇಡದ ಮನೆಯಲ್ಲಿ ಈ ಕೆಲಸ ಯಾರದೆಂದು ನೋಡಿದರೆ ನಮ್ಮ ಲೆಕ್ಕದ ದೊಡ್ಡ ಕಳ್ಳತನ ಸಿಗುತ್ತದೆ. ಹುಲ್ಲಿನ ಹೊರೆ ತರುವವರು, ಗೋದಲಿಗೆ ನೀರು ಹೊರುವವರು, ಹುರುಳಿ ಕುದಿಸುವವರು ಬಹುಪಾಲು ಮನೆಯ ಹೆಂಗಸರು. ಅವರ ದುಡಿಮೆಗೆ ಯಾರೂ ಕೂಲಿ ಹಚ್ಚುವುದಿಲ್ಲ, ಹೀಗಾಗಿ ಎತ್ತು ಸಾಕುವುದು ಅಗ್ಗವಾಗಿ ಕಾಣುತ್ತದೆ. ಹಿಂಡಿಯ ಚೀಲ ಒಂದೇ ಇದ್ದ ದಿನ ಅದು ಹೋಗುವುದು ಪಂದ್ಯದ ಜೋಡಿಗೆ, ಸಂಜೆ ಡೇರಿಗೆ ಹಾಲು ಹಾಕಿ ಮನೆ ನಡೆಸುವ ಎಮ್ಮೆಗೆ ಒಣಹುಲ್ಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕಟ್ಟಿದವರು ಇಂಥದೇ ಒಂದು ಕೊಟ್ಟಿಗೆಯನ್ನು ಕಂಡಿರಬೇಕು.

ಈಗ ಬಹುಮಾನದ ಕಡೆ. ಅಂಕಿಗಳನ್ನು ಉದಾಹರಣೆಗಷ್ಟೇ ಇಡುತ್ತೇನೆ, ನಿಮ್ಮೂರಿನ ಪಂದ್ಯದ ಕರಪತ್ರ ಹಿಡಿದು ಅದರ ಅಂಕಿಗಳನ್ನೇ ಹಾಕಿಕೊಳ್ಳಿ. ಮೊದಲ ಬಹುಮಾನ ಒಂದು ಲಕ್ಷ, ಎರಡನೆಯದು ಅರವತ್ತು ಸಾವಿರ, ಆಮೇಲೆ ನಲವತ್ತು, ಇಪ್ಪತ್ತೈದು, ಹದಿನೈದು, ಹತ್ತು, ಒಟ್ಟು ಎರಡೂವರೆ ಲಕ್ಷ ಎನ್ನೋಣ. ಇಪ್ಪತ್ತೈದು ಜೋಡಿ ಬಂದಿವೆ. ಪಿಕಪ್ಪಿನ ಹೋಗಿಬರುವ ಬಾಡಿಗೆ, ಜೊತೆಗೆ ಬಂದ ಐದಾರು ಮಂದಿಯ ಊಟ, ಗಾಡಿ ಹೊಡೆಯುವವನ ಕೈಗೆ ಕೊಡುವುದು, ಪ್ರವೇಶ ಶುಲ್ಕ ಸೇರಿ ಒಂದು ಜೋಡಿಗೆ ಹನ್ನೆರಡು ಸಾವಿರ ಹಿಡಿಯಿರಿ. ಮೈದಾನಕ್ಕೆ ಬಂದು ಹೋಗಲು ಎಲ್ಲರೂ ಸೇರಿ ಸುರಿದದ್ದು ಮೂರು ಲಕ್ಷ, ಎಲ್ಲರಿಗೂ ಸೇರಿ ಸಿಕ್ಕಿದ್ದು ಎರಡೂವರೆ ಲಕ್ಷ. ಮೇವಿನ ಮಾತನ್ನು ಇನ್ನೂ ಎತ್ತಿಯೇ ಇಲ್ಲ, ಆಗಲೇ ಐವತ್ತು ಸಾವಿರ ಕೊರತೆ. ಅದೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಹತ್ತೊಂಬತ್ತು ಜೋಡಿಗಳು ಬರಿಗೈಯಲ್ಲಿ ಗಾಡಿ ಹತ್ತುತ್ತವೆ. ಬಹುಮಾನದ ಮೊತ್ತ ಹಿಗ್ಗುವುದಿಲ್ಲವೇಕೆ ಎಂದರೆ ನಮ್ಮ ಪಂದ್ಯಗಳಿಗೆ ಟಿಕೆಟ್ಟಿಲ್ಲ, ದುಡ್ಡು ಬರುವುದು ದಾನಿಗಳ ಜೇಬಿನಿಂದ. ಚುನಾವಣೆ ಹತ್ತಿರವಿದ್ದ ವರ್ಷ ದಾನಿಗಳ ಫೋಟೊ ಕರಪತ್ರದಲ್ಲಿ ಎತ್ತಿನ ಫೋಟೊಗಿಂತ ದೊಡ್ಡದಿರುತ್ತದೆ, ಮರುವರ್ಷ ಅವರ ಫೋನೂ ಹತ್ತುವುದಿಲ್ಲ. ಇನ್ನು ಬಹುಮಾನವೆಂದು ಕೊಡುವ ಬೈಕನ್ನು ನಗದು ಮಾಡಹೊರಟರೆ ಷೋರೂಮಿನ ಬೆಲೆ ಯಾರೂ ಕೊಡುವುದಿಲ್ಲ ಎಂಬುದು ಗೆದ್ದವರಿಗೆಲ್ಲ ಗೊತ್ತು.

ಇದು ಹಳ್ಳಿಯ ಬಡತನದ ಕತೆ, ದೊಡ್ಡ ಮಟ್ಟದಲ್ಲಿ ಮಾಡಿದರೆ ಗಿಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ಕುದುರೆಯವರನ್ನು ನೋಡಿ. ನಿಜಾಮರ ಕಾಲದಲ್ಲಿ ನಮ್ಮ ಸೀಮೆಗೆ ರಾಜಧಾನಿಯಾಗಿದ್ದ ಹೈದರಾಬಾದಿನ ಮಲಕಪೇಟೆಯಲ್ಲಿ, ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಇಂದಿಗೂ ರೇಸ್‌ಕೋರ್ಸುಗಳಿವೆ. ಅಲ್ಲಿ ಬಾಜಿ ಕಟ್ಟುವುದಕ್ಕೆ ಕಾನೂನಿನ ಒಪ್ಪಿಗೆಯಿದೆ, ಆ ಬಾಜಿಯ ಒಂದು ಪಾಲು ಕ್ಲಬ್ಬಿಗೆ ಬಂದು ಬಹುಮಾನಕ್ಕೆ ಒದಗುತ್ತದೆ. ನಮ್ಮ ದಾನಿಗಳಿಗಿಂತ ನೂರು ಪಾಲು ಗಟ್ಟಿ ಮೂಲ ಅದು. ಆದರೂ ಕುದುರೆ ಮಾಲೀಕ ಬಹುಮಾನದಿಂದ ಬದುಕುವುದಿಲ್ಲ. ರೇಸಿನ ತವರಾದ ಇಂಗ್ಲೆಂಡಿನಲ್ಲೇ ಮಾಲೀಕರಿಗೆ ಸರಾಸರಿಯಲ್ಲಿ ಬಹುಮಾನವಾಗಿ ಮರಳುವುದು ಖರ್ಚಿನ ಕಾಲು ಭಾಗದ ಆಸುಪಾಸು. ನಮ್ಮ ದೇಶದಲ್ಲಿ ನೂರಾರು ಕ್ಲಾಸಿಕ್ ಓಟಗಳನ್ನು ಗೆದ್ದ ಚೆನ್ನೈನ ಎಂ.ಎ.ಎಂ. ರಾಮಸ್ವಾಮಿ ಅವರು ಚೆಟ್ಟಿನಾಡಿನ ಸಿಮೆಂಟು ಉದ್ಯಮದ ಮನೆತನದವರು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರ್ಮನ್ನು 1990ರ ದಶಕದಲ್ಲಿ ಗುತ್ತಿಗೆಗೆ ಹಿಡಿದದ್ದು ಮದ್ಯದ ವ್ಯಾಪಾರದಲ್ಲಿ ಬೆಳೆದ ಯುಬಿ ಸಮೂಹ. ಸಿಮೆಂಟು ಮಾರಿದವರು, ಮದ್ಯ ಮಾರಿದವರು ಕುದುರೆ ಸಾಕಿದರು, ಕುದುರೆ ಸಾಕಿ ಕಾರ್ಖಾನೆ ಕಟ್ಟಿದವರು ಅಲ್ಲೂ ಇಲ್ಲ. ಮೇಲಾಗಿ 2023ರ ಅಕ್ಟೋಬರಿನಲ್ಲಿ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಿತ್ತು. 2024ರಲ್ಲಿ ರಾಜ್ಯ ಸರ್ಕಾರ ಅನುಮತಿ ನಿರಾಕರಿಸಿದಾಗ ಬೆಂಗಳೂರಿನ ಬೇಸಿಗೆ ಓಟಗಳು ನಿಂತುಹೋದವು. ಓಟ ನಿಂತರೂ ಲಾಯದಲ್ಲಿದ್ದ ಕುದುರೆಗಳಿಗೆ ಹೊತ್ತು ಹೊತ್ತಿಗೆ ಮೇವು ಹಾಕಲೇಬೇಕಿತ್ತು. ಅವರಿಗೂ ನಿಮಗೂ ಒಂದೇ ವ್ಯತ್ಯಾಸ: ಕಳೆದುಕೊಳ್ಳುತ್ತೇವೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ, ಕಳೆದುಕೊಳ್ಳಲು ಬೇರೆ ದುಡ್ಡು ಎತ್ತಿಟ್ಟಿರುತ್ತಾರೆ.

ಇಷ್ಟಕ್ಕೆ ನೀವು ಹೇಳುವ ಉತ್ತರ ನನಗೆ ಗೊತ್ತು. ‘ಬಹುಮಾನ ಬಿಡಿ, ಗೆದ್ದ ಜೋಡಿಗೆ ಬರುವ ಬೆಲೆ ನೋಡಿ.’ ನಿಜ, ಒಂದು ದೊಡ್ಡ ಪಂದ್ಯ ಹೊಡೆದ ಜೋಡಿಯ ಬೆಲೆ ರಾತ್ರೋರಾತ್ರಿ ಎರಡು ಪಟ್ಟಾಗುವುದುಂಟು. ಆ ಬೆಲೆ ಎಷ್ಟು ದಿನದ್ದು ಎಂಬುದೇ ಪ್ರಶ್ನೆ. ಕಲ್ಲಿನ ಪಂದ್ಯಗಳಲ್ಲಿ ಎತ್ತುಗಳನ್ನು ವಿಂಗಡಿಸುವುದೇ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು. ಸುಮಾರು ಎರಡೂವರೆ ವರ್ಷಕ್ಕೆ ಎರಡು ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಕರು ಐದು ವರ್ಷದೊಳಗೆ ಬಾಯಿಗೂಡುತ್ತದೆ. ಹಲ್ಲಿನ ಒಂದು ಗುಂಪಿನಲ್ಲಿ ಗೆದ್ದ ಎತ್ತು ಮುಂದಿನ ಗುಂಪಿನಲ್ಲೂ ಗೆಲ್ಲುತ್ತದೆಂದು ಯಾವ ಖಾತ್ರಿಯೂ ಇಲ್ಲ. ಬೆಲೆ ಏರಿದಾಗ ಮಾರುವವರು ಎಷ್ಟು ಮಂದಿ? ‘ಇನ್ನೊಂದು ಪಂದ್ಯ ನೋಡೋಣ’ ಎನ್ನುವುದರಲ್ಲಿ ಒಂದು ಕಾಲು ಕುಂಟಿದರೆ ಲಕ್ಷಗಳ ಎತ್ತು ಮರುದಿನದ ಸಂತೆಯಲ್ಲಿ ಬರೀ ದನ. ಪಂದ್ಯದ ಎತ್ತಿನ ಆಟ ಏಳೆಂಟು ವರ್ಷಕ್ಕೆ ಮುಗಿದರೂ ಎತ್ತು ಬದುಕುವುದು ಅದಕ್ಕಿಂತ ಬಹಳ. ಗೋಹತ್ಯೆ ಕುರಿತ ರಾಜ್ಯದ 1964ರ ಹಳೆಯ ಕಾಯ್ದೆಯಲ್ಲಿ ಹನ್ನೆರಡು ದಾಟಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕೊಡಲು ಅವಕಾಶವಿತ್ತು. 2020ರ ಕಾಯ್ದೆ ಆ ಬಾಗಿಲನ್ನು ಮುಚ್ಚಿದೆ. ಮುಚ್ಚಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇಕಾದವರು ಮಾಡಿಕೊಳ್ಳಲಿ, ಲೆಕ್ಕದ ಮಟ್ಟಿಗೆ ಅರ್ಥ ಒಂದೇ: ಓಡಲಾಗದ ಎತ್ತಿನ ಮುಪ್ಪಿನ ವರ್ಷಗಳ ಮೇವನ್ನೂ ಇಂದೇ ಖರ್ಚಿನ ಪಟ್ಟಿಗೆ ಸೇರಿಸಬೇಕು. ಅದನ್ನು ಸೇರಿಸಿದ ಒಬ್ಬನೇ ಒಬ್ಬ ಮಾಲೀಕನ ಬಾಯಲ್ಲೂ ಲಾಭ ಎಂಬ ಮಾತು ನಿಲ್ಲಲಾರದು.

ಆಟವೇ ನಿಂತುಬಿಡುವ ವರ್ಷಗಳೂ ಇವೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಓಟಗಳಿಗೂ ತಡೆ ಹಾಕಿತು. ಕಂಬಳದವರು ಬೀದಿಗಿಳಿದ ಮೇಲೆ 2017ರಲ್ಲಿ ನಮ್ಮ ವಿಧಾನಮಂಡಲ ತಿದ್ದುಪಡಿ ತಂದು ಕಂಬಳದ ಜೊತೆ ಎತ್ತಿನ ಓಟ, ಗಾಡಿ ಓಟಗಳನ್ನೂ ಸೇರಿಸಿತು. ಅದಕ್ಕೆ ಸಂವಿಧಾನ ಪೀಠದ ಮುದ್ರೆ ಬಿದ್ದದ್ದು 2023ರ ಮೇ 18ರಂದು, ಅದೂ ಎತ್ತಿಗೆ ಹಿಂಸೆಯಾಗದಂತೆ ನಿಯಮ ಪಾಲಿಸಬೇಕೆಂಬ ನಿಬಂಧನೆಯ ಮೇಲೆ. ಮೊಳೆ ಚುಚ್ಚುವ, ಬಾಲ ಕಡಿಯುವ, ಕರೆಂಟ್ ತಾಗಿಸುವ ಒಂದು ವಿಡಿಯೊ ಊರಿನಿಂದ ಹೊರಬಿದ್ದರೆ ಆ ಅನುಮತಿಯ ಮೇಲೆ ಮತ್ತೆ ಕೇಸು ಬೀಳುತ್ತದೆ. ಈ ನಡುವೆ 2020–21ರಲ್ಲಿ ಕೊರೊನಾ ಜಾತ್ರೆಗಳನ್ನು ನಿಲ್ಲಿಸಿತು, 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಸಂತೆ, ಜಾತ್ರೆ, ಸಾಗಾಟಗಳಿಗೆ ನಿರ್ಬಂಧ ಬಿತ್ತು. ಹತ್ತು ವರ್ಷದೊಳಗೆ ಮೂರು ಸಲ ಮೈದಾನ ಖಾಲಿ. ಎತ್ತಿನ ಹೊಟ್ಟೆಗೆ ಮಾತ್ರ ತಡೆಯಾಜ್ಞೆ ಇರಲಿಲ್ಲ.

ನಿಮ್ಮ ವಾದಗಳಲ್ಲಿ ನನಗೆ ಹೆಚ್ಚು ತೂಕದ್ದೆನಿಸುವುದು ತಳಿಯ ಮಾತು. ಪಂದ್ಯ ಇಲ್ಲದಿದ್ದರೆ ಖಿಲಾರಿ, ಕೃಷ್ಣಾ ಕಣಿವೆಯಂಥ ದನಗಳನ್ನು ಯಾರು ಕೇಳುತ್ತಿದ್ದರು ಎಂಬುದರಲ್ಲಿ ಸತ್ಯವಿದೆ. ಸಾಂಗ್ಲಿ, ಮೀರಜದ ಸಂಸ್ಥಾನಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಗೀರ್, ಓಂಗೋಲ್, ನಮ್ಮ ಮೈಸೂರು ಸೀಮೆಯ ದನಗಳನ್ನು ಬೆರೆಸಿ, ಕೃಷ್ಣಾ ತೀರದ ಎರೆಮಣ್ಣಿಗೆಂದೇ ಬೆಳೆಸಿದ ಕೃಷ್ಣಾ ಕಣಿವೆ ತಳಿ ಇಂದು ಬೆರಳೆಣಿಕೆಯ ಕೊಟ್ಟಿಗೆಗಳಿಗೆ ಇಳಿದಿದೆ. ಆದರೆ ತಳಿ ಉಳಿಯುವುದು ಎಲ್ಲಿ? ಬೀಜ ಒಡೆಸಿದ ಎತ್ತು ಎಷ್ಟು ಪಂದ್ಯ ಗೆದ್ದರೂ ಒಂದು ಕರುವನ್ನೂ ಕೊಡುವುದಿಲ್ಲ. ತಳಿಯನ್ನು ಉಳಿಸುತ್ತಿರುವವನು ಆ ಜಾತಿಯ ಆಕಳನ್ನು ಸಾಕಿ, ದಿನಕ್ಕೆ ಒಂದೆರಡು ಲೀಟರ್ ಹಾಲಿಗೆ ತೃಪ್ತನಾಗಿ, ಒಳ್ಳೆಯ ಹೋರಿಗೆ ಕಟ್ಟಿಸುವ ರೈತ. ನೀವು ಲಕ್ಷ ಕೊಟ್ಟು ಕೊಂಡ ಹೋರಿಗರುವಿನ ದುಡ್ಡಿನಲ್ಲಿ ಅವನ ಕೈಗೆ ಎಷ್ಟು ಮುಟ್ಟಿತು, ಮಧ್ಯದ ದಲ್ಲಾಳಿಗಳಿಗೆ ಎಷ್ಟು ಹೋಯಿತು? ಜೊತೆಗೆ ಕಲ್ಲಿನ ಪಂದ್ಯದಲ್ಲಿ ಆಂಧ್ರದ ಓಂಗೋಲ್ ಜೋಡಿಗಳೇ ಮುಂದೆ ಎಂದು ನಂಬಿ ಅಲ್ಲಿಂದ ತರಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜ ಕಾರಹುಣ್ಣಿಮೆಗೆ ನಡೆಸುವ ಮುಂಗಾರು ಹಬ್ಬದ ಮೈದಾನದಲ್ಲಿ ನಿಂತು ನೋಡಿದರೆ ಎರಡು ಟನ್ನಿನ ಕಲ್ಲು ಎಳೆಯುವ ಆ ಬಿಳಿ ಎತ್ತುಗಳ ಭುಜಕ್ಕೆ ಯಾರಾದರೂ ಮರುಳಾಗಬೇಕಾದ್ದೇ. ಮರುಳಾಗಿ, ಆದರೆ ಅದನ್ನು ನಮ್ಮ ತಳಿಯ ರಕ್ಷಣೆ ಎಂದು ಕರೆಯಬೇಡಿ. ತಳಿಯ ಚಿಂತೆ ಮನಸ್ಸಿನಿಂದ ಬಂದದ್ದಾದರೆ ಜೋಡಿ ಎತ್ತಿನ ಪಕ್ಕದಲ್ಲಿ ಅದೇ ಜಾತಿಯ ಒಂದು ಆಕಳನ್ನೂ ಕಟ್ಟಿ.

ಕುಡಿತಕ್ಕಿಂತ, ಇಸ್ಪೀಟಿಗಿಂತ, ಮೊಬೈಲಿನ ರಮ್ಮಿಗಿಂತ ಇದು ಎಷ್ಟೋ ವಾಸಿಯಲ್ಲವೇ ಎಂದರೆ, ವಾಸಿ. ನಸುಕಿಗೆ ಎದ್ದು ಒಂದು ಜೀವದ ಚಾಕರಿ ಮಾಡುವ ಹುಡುಗ ಕೆಡುವುದು ಕಷ್ಟ. ಮೈದಾನದ ಅಂಚಿನಲ್ಲಿ ಬಾಜಿ ಕಟ್ಟುವವರ ಗುಂಪಿಗೆ ಅವನು ಸೇರದಿದ್ದರೆ ಆ ಮಾತು ಪೂರ್ತಿ ಒಪ್ಪತಕ್ಕದ್ದೇ. ಊರಿನ ಮಾನದ ಪ್ರಶ್ನೆ ಎಂಬುದನ್ನೂ ಒಪ್ಪುತ್ತೇನೆ. ಗೆದ್ದ ಜೋಡಿಯ ಮುಂದೆ ಹಲಗೆ ಬಾರಿಸಿಕೊಂಡು ಇಡೀ ಊರು ನಡೆಯುವುದು ಸುಳ್ಳಲ್ಲ. ಹಾಗಾದರೆ ಮಾನ ಊರಿನದು, ಸಾಲ ಮಾತ್ರ ಒಂದು ಮನೆಯದು ಎಂಬುದು ಯಾವ ನ್ಯಾಯ? ಇಂಗ್ಲೆಂಡಿನ ಕುದುರೆ ಹವ್ಯಾಸಿಗಳು ಬಹಳ ಹಿಂದೆಯೇ ಕಂಡುಕೊಂಡ ದಾರಿಯೊಂದಿದೆ: ಒಂದು ಕುದುರೆಗೆ ಹತ್ತಾರು ಪಾಲುದಾರರು. ತಿಂಗಳ ಖರ್ಚಿಗೆ ಎಲ್ಲರೂ ಹಾಕುತ್ತಾರೆ, ಗೆದ್ದದ್ದನ್ನು ಹಂಚಿಕೊಳ್ಳುತ್ತಾರೆ, ಕುದುರೆ ಕುಂಟಿದರೆ ಯಾರ ಮನೆಯೂ ಮುಳುಗುವುದಿಲ್ಲ. ಕೂಡಿ ಉಳುವ, ಪಾಲಿಗೆ ಹಚ್ಚುವ ಪದ್ಧತಿ ನಮಗೆ ಹೊಸದಲ್ಲ. ನಾಲ್ಕೈದು ಮನೆ ಸೇರಿ ಒಂದು ಜೋಡಿ ಕಟ್ಟಿ, ಪಾಲು, ಖರ್ಚು, ಮಾರುವ ಸಮಯ, ಮುಪ್ಪಿನ ಎತ್ತನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಳ್ಳಿ. ಗೆಳೆತನದಲ್ಲಿ ಬರಹ ಏಕೆ ಎನ್ನುವವರು ಗೆದ್ದ ಬೈಕಿನ ಮೇಲೆ ಮುರಿದ ಗೆಳೆತನಗಳನ್ನು ಲೆಕ್ಕ ಹಾಕಲಿ.

ಜಾತ್ರಾ ಕಮಿಟಿಗಳ ಹಿರಿಯರಿಗೂ ಈ ಪತ್ರ ತಲುಪಲಿ. ಮೊದಲ ಬಹುಮಾನವನ್ನು ಪಕ್ಕದ ಊರಿಗಿಂತ ದೊಡ್ಡದು ಮಾಡುವ ಪೈಪೋಟಿ ನಿಮ್ಮ ಕರಪತ್ರಕ್ಕೆ ಶೋಭೆ, ಎತ್ತು ಕಟ್ಟಿದವನಿಗೆ ಉರುಳು. ಒಂದು ದೊಡ್ಡ ಮೊತ್ತ ಕಂಡೇ ಅವನು ಕೈಮೀರಿದ ಜೋಡಿಗೆ ಬಡ್ಡಿ ಸಾಲ ತರುವುದು. ಅದೇ ದುಡ್ಡಿನಲ್ಲಿ ಮೊದಲನೆಯದನ್ನು ತಗ್ಗಿಸಿ, ಮೈದಾನಕ್ಕೆ ಇಳಿದ ಪ್ರತಿ ಜೋಡಿಗೂ ಗಾಡಿ ಬಾಡಿಗೆಯಷ್ಟಾದರೂ ಕೊಡಿ. ಬೈಕಿನ ಬದಲು ನಗದು ಕೊಡಿ. ಹೊರಗಿನ ಜೋಡಿಗಳ ಜೊತೆಗೆ ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ಎತ್ತುಗಳಿಗೆ ಬೇರೆ ಗುಂಪು ಮಾಡಿ, ಗೆದ್ದ ಎತ್ತಿನ ತಾಯಿ ಆಕಳನ್ನು ಸಾಕಿದವನನ್ನು ವೇದಿಕೆಗೆ ಕರೆದು ಅವನ ಕೈಗೂ ಒಂದು ಪಾಲು ಕೊಡಿ. ಸರ್ಕಾರಿ ಪಶುವೈದ್ಯರು ಮೈದಾನದಲ್ಲಿ ಇರುವಂತೆ ಮೊದಲೇ ಅರ್ಜಿ ಹಾಕಿ. ದಾನಿಗಳ ಫೋಟೊ ಚಿಕ್ಕದಾದರೆ ಯಾರೂ ಕೇಳುವುದಿಲ್ಲ.

ಅಣ್ಣ ತಮ್ಮಂದಿರೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡೇ. ಮುಂದಿನ ಜೋಡಿ ಕೊಳ್ಳುವ ಮೊದಲು, ಇದು ಪೂರ್ತಿ ಹೋದರೂ ಮಕ್ಕಳ ಫೀಸು, ಬಿತ್ತನೆ ಬೀಜ, ಮನೆಯ ದವಾಖಾನೆ ಖರ್ಚು ನಿಲ್ಲುವುದಿಲ್ಲ ಎನ್ನುವಷ್ಟು ಮೊತ್ತವನ್ನು ಮಾತ್ರ ಎತ್ತಿಡಿ. ಅದರಾಚೆ ಒಂದು ರೂಪಾಯಿಯನ್ನೂ ಹೊಲದ ಪಹಣಿಯ ಮೇಲಾಗಲಿ, ಹೆಂಡತಿಯ ತಾಳಿಯ ಮೇಲಾಗಲಿ ತರಬೇಡಿ. ಇನ್ನೊಂದು, ಆ ಮೊತ್ತ ಎಷ್ಟೆಂದು ನಿರ್ಧರಿಸುವಾಗ ಹುರುಳಿ ಕುದಿಸುವವರನ್ನೂ ಕೂರಿಸಿಕೊಂಡು ಕೇಳಿ. ಕಾರಹುಣ್ಣಿಮೆಗೆ ಮೊದಲೇ ಕೇಳಿ, ಆಮೇಲೆ ಕೇಳಿದರೆ ಅವರು ಹೇಳುವುದು ನಿಮಗೆ ಹಿಡಿಸುವುದಿಲ್ಲ.

ಇಂತಿ ನಿಮ್ಮವ,
ಸಗರನಾಡಿನ ಒಬ್ಬ ಪಂದ್ಯಪ್ರೇಮಿ